ಅಜ್ಜನ ಕನ್ನಡಕ ಎಲ್ಲಿ? ಮನೆಯಲ್ಲೇ ಕಟ್ಟಿದ ಪತ್ತೇದಾರಿ ಬೋರ್ಡ್ ಗೇಮ್

ಪತ್ತೇದಾರಿ ಬೋರ್ಡ್ ಗೇಮ್ ಆಡಿದರೆ ಮಕ್ಕಳ ತಲೆ ಚುರುಕಾಗುತ್ತದೆ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಆಟದ ಯಾವ ಭಾಗದಿಂದ ಚುರುಕಾಗುತ್ತದೆ ಎಂದು ಮಾತ್ರ ಬರೆದಿರುವುದಿಲ್ಲ. ದಾಳ ಉರುಳಿಸುವುದರಿಂದಲಾ? ಕಾಯಿ ನಡೆಸುವುದರಿಂದಲಾ? ಚಂದದ ಚಿತ್ರಗಳಿಂದಲಾ?

ನನಗೆ ಅನ್ನಿಸುವುದು ಇಷ್ಟು: ಕಲಿಕೆಯ ಮುಕ್ಕಾಲು ಪಾಲು ಇರುವುದು "ನನ್ನ ಹತ್ರ ಇಲ್ಲ" ಎಂಬ ಉತ್ತರದಲ್ಲಿ, ಮತ್ತು ಆ "ಇಲ್ಲ"ವನ್ನು ಬರೆದಿಡುವ ಹಾಳೆಯಲ್ಲಿ. ಮಿಕ್ಕಿದ್ದೆಲ್ಲ ಅಲಂಕಾರ. ಅಲಂಕಾರ ಬೇಡ ಎಂದಲ್ಲ, ಅದಿಲ್ಲದಿದ್ದರೆ ಮಕ್ಕಳು ಕೂರುವುದೇ ಇಲ್ಲ. ಆದರೆ ಎಲ್ಲಿ ಶ್ರಮ ಹಾಕಬೇಕು ಎಂದು ಗೊತ್ತಿದ್ದರೆ ರಟ್ಟು, ಅಂಟು, ಕತ್ತರಿಯಲ್ಲೇ ಒಳ್ಳೆಯ ಆಟ ಕಟ್ಟಬಹುದು. ಅದನ್ನು ಕಟ್ಟಿದ ಕ್ರಮ ಇಲ್ಲಿದೆ.

ಕಥೆ ಸರಳ. ಅಜ್ಜನ ಕನ್ನಡಕ ಕಾಣೆಯಾಗಿದೆ. ಯಾವ ಪ್ರಾಣಿ ಕದ್ದಿತು, ಯಾವುದರೊಳಗೆ ಬಚ್ಚಿಟ್ಟಿತು, ಯಾವ ಜಾಗದಲ್ಲಿ ಇಟ್ಟಿತು, ಈ ಮೂರನ್ನೂ ಕಂಡುಹಿಡಿಯಬೇಕು. ಕೊಲೆ ಇಲ್ಲ, ರಕ್ತ ಇಲ್ಲ. ಏಳೆಂಟು ವರ್ಷದ ಮಕ್ಕಳಿಗೆ ಕನ್ನಡಕ ಸಾಕು.

ಲೆಕ್ಕ ಮೊದಲು, ರಟ್ಟು ಆಮೇಲೆ

ಈ ಬಗೆಯ ಆಟಗಳ ಹಿರಿಯಣ್ಣ ಕ್ಲೂಡೋ. ಇಂಗ್ಲೆಂಡಿನ ಆಂಥನಿ ಪ್ರ್ಯಾಟ್ ಎಂಬುವರು 1940ರ ದಶಕದಲ್ಲಿ ಅದನ್ನು ಕಲ್ಪಿಸಿದರು, 1949ರಲ್ಲಿ ವ್ಯಾಡಿಂಗ್‌ಟನ್ಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಅದರಲ್ಲಿ 6 ಶಂಕಿತರು, 6 ಆಯುಧಗಳು, 9 ಕೋಣೆಗಳು. ಗುಣಿಸಿದರೆ 324 ಸಾಧ್ಯತೆ. ಒಟ್ಟು 21 ಕಾರ್ಡು. ಪ್ರತಿ ಗುಂಪಿನಿಂದ ಒಂದರಂತೆ 3 ಕಾರ್ಡು ಗುಟ್ಟಿನ ಉತ್ತರವಾಗಿ ಲಕೋಟೆಯೊಳಗೆ ಹೋದರೆ ಹಂಚಲು ಉಳಿಯುವುದು 18. ಮೂವರಿಗೆ ಅಥವಾ ಆರು ಜನಕ್ಕೆ ಸಮನಾಗಿ ಹಂಚಬಹುದು. ನಾಲ್ಕು ಜನ ಕೂತರೆ ಇಬ್ಬರಿಗೆ ಒಂದೊಂದು ಜಾಸ್ತಿ. ದೊಡ್ಡವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮಕ್ಕಳು ಬಿಡುತ್ತಾರಾ? "ಅವನಿಗೆ ಯಾಕೆ ಐದು, ನನಗೆ ಯಾಕೆ ನಾಲ್ಕು?" ಆಟ ಶುರುವಾಗುವ ಮೊದಲೇ ಜಗಳ.

ಹಾಗಾಗಿ ನಾನು 5 ಪ್ರಾಣಿ, 4 ಬಚ್ಚಿಡುವ ವಸ್ತು, 6 ಜಾಗ ಎಂದು ಇಟ್ಟುಕೊಂಡೆ. 15 ಕಾರ್ಡು. 3 ತೆಗೆದರೆ 12. ಇಬ್ಬರು, ಮೂವರು, ನಾಲ್ವರು, ಯಾರೇ ಕೂತರೂ ಸಮಪಾಲು. ಸಾಧ್ಯತೆಗಳು 5 × 4 × 6 = 120. ಎಂಟು ವರ್ಷದ ಮಗು ಹೆದರದೆ ಎದುರಿಸಬಹುದಾದ ಸಂಖ್ಯೆ, ಹನ್ನೊಂದರ ಮಗುವಿಗೆ ಬೇಸರ ತರಿಸದ ಸಂಖ್ಯೆ.

ಇದನ್ನು ಮಕ್ಕಳ ಜೊತೆ ಕೂತೇ ಲೆಕ್ಕ ಹಾಕಬೇಕು. ಮೂವರು ಆಡುವಾಗ ಒಬ್ಬರ ಕೈಗೆ 4 ಕಾರ್ಡು ಬರುತ್ತದೆ. ಅದರಲ್ಲಿ 1 ಪ್ರಾಣಿ, 1 ವಸ್ತು, 2 ಜಾಗ ಇವೆ ಎಂದುಕೊಳ್ಳಿ. ಅವು ಕಳ್ಳತನದಲ್ಲಿ ಭಾಗಿಯಲ್ಲ. ಉಳಿದದ್ದು 4 × 3 × 4, ಅಂದರೆ 48. ಒಂದು ಪ್ರಶ್ನೆಯನ್ನೂ ಕೇಳದೆ 120ರಿಂದ 48ಕ್ಕೆ ಇಳಿದಾಯಿತು! ಇದನ್ನು ಕಾಗದದ ಮೇಲೆ ತೋರಿಸಿದಾಗ ನಮ್ಮ ಮಗಳು ತನ್ನ ಕಾರ್ಡುಗಳನ್ನು ಇನ್ನೊಮ್ಮೆ ಬಿಡಿಸಿ ನೋಡಿದಳು. ಅಲ್ಲಿಯವರೆಗೆ ಅವು ಅವಳಿಗೆ "ಬೇರೆಯವರಿಗೆ ತೋರಿಸಬಾರದ ಕಾರ್ಡು"ಗಳಷ್ಟೇ ಆಗಿದ್ದವು.

ಪ್ರಾಣಿಗಳು: ನರಿ, ಕೋತಿ, ಕಾಗೆ, ಬೆಕ್ಕು, ಅಳಿಲು. ವಸ್ತುಗಳು: ಬುಟ್ಟಿ, ಬೂಟು, ಕೊಡೆ, ಚೀಲ. ಜಾಗಗಳು: ಅಟ್ಟ, ಅಡುಗೆಮನೆ, ತೋಟ, ಶೆಡ್, ಮೆಟ್ಟಿಲ ಕೆಳಗೆ, ಓದುವ ಕೋಣೆ.

ಮನುಷ್ಯರ ಬದಲು ಪ್ರಾಣಿಗಳನ್ನು ಬೇಕೆಂದೇ ಆರಿಸಿದೆ. ಕಾವಲುಗಾರ, ಅಡುಗೆಯವರು, ಕೆಲಸದವರು ಎಂದು ಶಂಕಿತರ ಪಟ್ಟಿ ಮಾಡಿದರೆ ಮಕ್ಕಳು ಅದರಿಂದ ಏನನ್ನು ಕಲಿಯುತ್ತಾರೋ ಎಂಬ ಅಳುಕು ಒಂದು ಕಡೆ. ಇನ್ನೊಂದು ಕಾರಣ ನರಿ. ಅದರ ಕಥೆ ಆಮೇಲೆ ಬರುತ್ತದೆ.

ಬೋರ್ಡು

ಇದು ಸುಲಭದ ಭಾಗ. 2 ಮಿ.ಮೀ. ದಪ್ಪದ ಬೂದು ರಟ್ಟು ಎರಡು ತುಂಡು, ತಲಾ ಎ4 ಅಳತೆ, ಅಂದರೆ 210 × 297 ಮಿ.ಮೀ. ಎರಡನ್ನೂ ಪಕ್ಕಪಕ್ಕ ಇಟ್ಟು ಹಿಂಬದಿಗೆ ಬಟ್ಟೆಯ ಟೇಪು ಅಂಟಿಸಿದರೆ ಪುಸ್ತಕದ ಹಾಗೆ ಮಡಚುವ ಎ3 ಬೋರ್ಡು. ಎರಡು ತುಂಡಿನ ನಡುವೆ ಸಂದು ಬಿಡಲೇಬೇಕು. ಚಿತ್ರ ಒಳಗೆ ಬರುವ ಹಾಗೆ ಮಡಚುವಾಗ ಹಿಂದಿನ ಟೇಪು ಎರಡು ರಟ್ಟಿನ ದಪ್ಪವನ್ನು ಸುತ್ತಿ ಬರಬೇಕು. 2 ಮತ್ತು 2, ನಾಲ್ಕು ಮಿ.ಮೀ., ಮೇಲೆ ಒಂದು ಕೂದಲೆಳೆ ಜಾಸ್ತಿ. ಸಂದು ಬಿಡದೆ ಅಂಟಿಸಿದರೆ ಬೋರ್ಡು ಮಡಚುವುದಿಲ್ಲ, ಬಲವಂತ ಮಾಡಿದರೆ ಟೇಪು ಕಿತ್ತು ಬರುತ್ತದೆ.

ಚಿತ್ರದ ಹಾಳೆಯನ್ನು ಬಿಳಿ ಅಂಟಿನಲ್ಲಿ ತೆಳ್ಳಗೆ ಅಂಟಿಸಿ. ಒಂದೇ ಬದಿಗೆ ಅಂಟಿಸಿದರೆ ಒಣಗುವಾಗ ಹಾಳೆ ಕುಗ್ಗಿ ರಟ್ಟು ಆ ಕಡೆಗೆ ಬಾಗುತ್ತದೆ. ಹಿಂಬದಿಗೂ ಒಂದು ಖಾಲಿ ಹಾಳೆ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಟೇಪು ಹಾಕುವುದು ಇದಾದ ಮೇಲೆ. ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿ ಇಟ್ಟುಬಿಡಿ.

ಎಡಕ್ಕೆ ಮೂರು ಜಾಗ, ಬಲಕ್ಕೆ ಮೂರು. ಬಾಗಿಲುಗಳು ಒಂದು ಸುತ್ತಿನಂತೆ ಸೇರುತ್ತವೆ. ಎಡಬಲ ದಾಟುವುದು ಮೇಲ್ತುದಿ ಮತ್ತು ಕೆಳತುದಿಯಲ್ಲಿ ಮಾತ್ರ. ದಾಳ ಹಾಕಲಿಲ್ಲ. ಒಂದು ಸರದಿಗೆ ಒಂದು ಬಾಗಿಲು ದಾಟಬಹುದು, ಅಥವಾ ಇದ್ದಲ್ಲೇ ಇರಬಹುದು. ನೀವು ಯಾವ ಜಾಗದಲ್ಲಿ ನಿಂತಿದ್ದೀರೋ ಆ ಜಾಗದ ಹೆಸರು ನಿಮ್ಮ ಪ್ರಶ್ನೆಯಲ್ಲಿ ಇರಲೇಬೇಕು. ಸುತ್ತಿನ ಎದುರು ತುದಿಗೆ ಹೋಗಲು ಮೂರು ಸರದಿ ಬೇಕು. ಹಾಗಾಗಿ ಯಾವ ಜಾಗದ ಬಗ್ಗೆ ಯಾವಾಗ ಕೇಳುವುದು ಎಂದು ಮಗು ಮೊದಲೇ ಯೋಚಿಸಿಕೊಳ್ಳಬೇಕು. ದಾಳ ಇದ್ದರೆ ಈ ಯೋಚನೆಯ ಜಾಗವನ್ನು ಅದೃಷ್ಟ ತಿಂದುಹಾಕುತ್ತದೆ. ಎಣಿಸುವುದನ್ನು ಈಗಷ್ಟೇ ಕಲಿಯುತ್ತಿರುವ ಪುಟ್ಟ ಮಕ್ಕಳಿಗಾದರೆ ದಾಳ ಇರಲಿ, ಅವರಿಗೆ ಅದೇ ಪಾಠ.

ಕಾರ್ಡು

ಇಲ್ಲಿ ಜಿಪುಣತನ ಮಾಡಬಾರದು. ಅಳತೆ 63 × 88 ಮಿ.ಮೀ., ಮಾಮೂಲಿ ಇಸ್ಪೀಟು ಎಲೆಯಷ್ಟು. ಎ4 ಹಾಳೆಯಲ್ಲಿ ಸಾಲಿಗೆ ಮೂರರಂತೆ ಒಂಬತ್ತು ಹಿಡಿಸುತ್ತವೆ. ಹದಿನೈದಕ್ಕೆ ಎರಡು ಹಾಳೆ ಸಾಕು.

ಸಮಸ್ಯೆ ಬೆಳಕಿನದು. ದೀಪದ ಎದುರು ಹಿಡಿದರೆ ಬಿಳಿ ಕಾರ್ಡಿನ ಹಿಂದಿನಿಂದ ನರಿಯ ಬಾಲ ಕಾಣುತ್ತದೆ. ಒಳ್ಳೆಯ ಇಸ್ಪೀಟು ಎಲೆಗಳ ಮಧ್ಯದಲ್ಲಿ ಕಪ್ಪು ಪದರ ಇಡುವುದು ಇದಕ್ಕೇ. ನಾನೂ ಅದನ್ನೇ ಮಾಡಿದೆ: ಮುಂದೆ ಚಿತ್ರದ ಹಾಳೆ, ನಡುವೆ ಕಪ್ಪು ಕಾಗದ, ಹಿಂದೆ ಒಂದೇ ಬಣ್ಣದ ಹಾಳೆ. ಮೂರನ್ನೂ ದೊಡ್ಡ ಹಾಳೆಯಾಗಿಯೇ ಅಂಟಿಸಿ, ಪೂರ್ತಿ ಒಣಗಿಸಿ, ಆಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕತ್ತರಿಸಬೇಕು. ಒಂದೊಂದೇ ಕಾರ್ಡು ಅಂಟಿಸಲು ಹೋದರೆ ಅಂಚು ಒಂದಕ್ಕೊಂದು ಸರಿಹೊಂದುವುದಿಲ್ಲ. ಬ್ಲೇಡಿನ ಕೆಲಸ ದೊಡ್ಡವರದು.

ಮೂಲೆಗಳನ್ನು ನಾಣ್ಯದಿಂದ ಗೆರೆ ಎಳೆದು ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಮಡಚಿಕೊಳ್ಳುತ್ತದೆ. ಮಡಚಿದ ಮೂಲೆಯನ್ನು ಮಕ್ಕಳು ಎರಡನೇ ಆಟದಲ್ಲೇ ಗುರುತಿಟ್ಟುಕೊಳ್ಳುತ್ತಾರೆ. "ಅವಳ ಕೈಯಲ್ಲಿ ಇರೋದು ಕೊಡೆ, ನಂಗೆ ಗೊತ್ತು" ಎಂದರೆ ಅಲ್ಲಿ ನಡೆದದ್ದು ಮೂಲೆ ನೋಡುವ ಕೆಲಸ. ಅದೂ ಸೂಕ್ಷ್ಮ ಗಮನವೇ, ಒಪ್ಪುತ್ತೇನೆ. ನಿಜವಾದ ಪತ್ತೇದಾರ ಆದರೆ ಅದನ್ನೇ ಮಾಡುತ್ತಿದ್ದ. ಆದರೆ ನಾವು ಕಲಿಸಲು ಹೊರಟದ್ದು ಅದಲ್ಲವಲ್ಲ.

ಓದು ಬಾರದ ಮಕ್ಕಳೂ ಆಡಲಿ ಎಂದು ಚಿತ್ರ ದೊಡ್ಡದು, ಹೆಸರು ಕೆಳಗೆ ಚಿಕ್ಕದು.

ಬೀಗದ ಪೆಟ್ಟಿಗೆ

ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟದ್ದು ಇದು.

ಸಾಮಾನ್ಯವಾಗಿ ಉತ್ತರದ ಮೂರು ಕಾರ್ಡು ಲಕೋಟೆಯಲ್ಲಿರುತ್ತವೆ. ಗೊತ್ತಾಯಿತು ಎಂದವರು ತೆರೆದು ನೋಡುತ್ತಾರೆ. ತಪ್ಪಾಗಿದ್ದರೆ ಉತ್ತರ ನೋಡಿಬಿಟ್ಟಿರುವುದರಿಂದ ಅವರು ಇನ್ನು ಗೆಲ್ಲುವ ಹಾಗಿಲ್ಲ. ಬೇರೆಯವರು ಕೇಳಿದಾಗ ಕಾರ್ಡು ತೋರಿಸುತ್ತಾ ಕೂತಿರಬೇಕು. ದೊಡ್ಡವರಿಗೆ ಇದು ನ್ಯಾಯ. ಎಂಟು ವರ್ಷದವರಿಗೆ ಇದು ಶಿಕ್ಷೆ. ಒಮ್ಮೆ ಹೀಗಾದ ಮಗು ಮುಂದಿನ ಆಟದಲ್ಲಿ ಊಹೆಯನ್ನೇ ಹೇಳುವುದಿಲ್ಲ. ತಪ್ಪಿನ ಭಯ ಕಲಿಸುವ ಆಟ ನನಗೆ ಬೇಡವಾಗಿತ್ತು.

ಆದ್ದರಿಂದ ಉತ್ತರ ತೋರಿಸದೆ "ಸರಿ" ಅಥವಾ "ತಪ್ಪು" ಎಂದಷ್ಟೇ ಹೇಳುವ ಪೆಟ್ಟಿಗೆ ಬೇಕಿತ್ತು. ತತ್ವ ಬೀಗದ್ದೇ. ಕೀಲಿಯ ಎಲ್ಲ ಹಲ್ಲೂ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಬೀಗ ತಿರುಗುತ್ತದೆ. ಯಾವ ಹಲ್ಲು ತಪ್ಪು ಎಂದು ಅದು ಹೇಳುವುದಿಲ್ಲ.

ಪೆಟ್ಟಿಗೆಯೊಳಗೆ ಮೂರು ಸಾಲು: ಪ್ರಾಣಿ, ವಸ್ತು, ಜಾಗ. ಪ್ರತಿ ಸಾಲಿನಲ್ಲೂ ಒಂದು ಪಟ್ಟಿ ಕೂರುತ್ತದೆ. ಪಟ್ಟಿ 1 ಮಿ.ಮೀ. ರಟ್ಟಿನದು, 120 × 20 ಮಿ.ಮೀ. ಒಟ್ಟು ಹದಿನೈದು ಪಟ್ಟಿ. ಪ್ರತಿಯೊಂದರಲ್ಲೂ ಒಂದೇ ಒಂದು ತೂತು, ಅದರದ್ದೇ ಜಾಗದಲ್ಲಿ. ಉದಾಹರಣೆಗೆ ನರಿಯ ಪಟ್ಟಿಗೆ ಮೊದಲನೇ ಜಾಗ, ಕೋತಿಗೆ ಎರಡನೇ ಜಾಗ. ತೂತುಗಳ ಅಂತರ 18 ಮಿ.ಮೀ. ಆಫೀಸಿನ ಪಂಚಿಂಗ್ ಮೆಷಿನ್ ಹಾಕುವ ತೂತು ಸುಮಾರು 6 ಮಿ.ಮೀ. ಇರುತ್ತದೆ, ಅದೇ ಸಾಕು. ಅದು 2 ಮಿ.ಮೀ. ರಟ್ಟನ್ನು ಕಚ್ಚುವುದಿಲ್ಲ, ಅದಕ್ಕೇ 1 ಮಿ.ಮೀ.

ಪಟ್ಟಿಗಳ ಮೇಲೆ ಒಂದು ಹೊದಿಕೆ. ಅದರಲ್ಲಿ ಸಾಲಿಗೆ ಆರರಂತೆ ಎಲ್ಲ ತೂತುಗಳೂ ಇರುತ್ತವೆ. ಪಂಚಿಂಗ್ ಮೆಷಿನ್‌ನ ಬಾಯಿ ಅಷ್ಟು ಒಳಗೆ ಹೋಗುವುದಿಲ್ಲ. ಹಾಗಾಗಿ ಹೊದಿಕೆಯನ್ನೂ ಮೂರು ಪಟ್ಟಿಗಳಾಗಿ ತೂತು ಮಾಡಿ, ಆಮೇಲೆ ಅಡಿಯಿಂದ ಕಾಗದದ ಅಂಚು ಅಂಟಿಸಿ ಜೋಡಿಸಿದೆ. ಪ್ರಾಣಿ ಸಾಲಿನ ಆರನೇ ತೂತು, ವಸ್ತು ಸಾಲಿನ ಕೊನೆಯ ಎರಡು, ಸದ್ಯಕ್ಕೆ ಬೇಡ. ಅವುಗಳ ಮೇಲೆ ಕಾಗದ ಅಂಟಿಸಿದೆ.

ಪಟ್ಟಿ ಎರಡೂ ಅಂಚಿನಲ್ಲಿ 4 ಮಿ.ಮೀ. ಅಗಲದ ರಟ್ಟಿನ ಮೆಟ್ಟಿಲ ಮೇಲೆ ಕೂರುತ್ತದೆ. ಅದರ ಅಡಿಯಲ್ಲಿ 15 ಮಿ.ಮೀ. ಖಾಲಿ. ಪಟ್ಟಿಗೂ ಪೆಟ್ಟಿಗೆಯ ತಳಕ್ಕೂ ಮಂಕಾದ ಕಪ್ಪು ಬಣ್ಣ ಬಳಿದೆ. ಹೊಳೆಯುವ ಬಣ್ಣ ಬೇಡ. ಹೊದಿಕೆಯ ತೂತಿನಿಂದ ಇಣುಕಿದರೆ ಕೆಳಗೆ ಪಟ್ಟಿ ಇದೆಯಾ, ತೂತು ಇದೆಯಾ ಎಂದು ಗೊತ್ತಾಗಬಾರದು. ಗೊತ್ತಾಗಲಿಲ್ಲ, ಮಕ್ಕಳು ಬೇಕಾದಷ್ಟು ಇಣುಕಿದರು.

ಈಗ ಮುಚ್ಚಳ. 2 ಮಿ.ಮೀ. ರಟ್ಟು ಮೂರು ಪದರ. ಹೊದಿಕೆಯನ್ನೇ ಅಚ್ಚಾಗಿ ಇಟ್ಟು ಪ್ರತಿ ತೂತಿನ ನಡುವಿಗೆ ಗುರುತು ಹಾಕಿ, ದಬ್ಬಳದಿಂದ ಚುಚ್ಚಿ, 3 ಮಿ.ಮೀ. ಬಿದಿರಿನ ಕಡ್ಡಿ ಬಿಗಿಯಾಗಿ ಕೂರುವಷ್ಟು ಅಗಲ ಮಾಡಬೇಕು. ಕಡ್ಡಿ ಮೂರು. ಚೂಪು ತುದಿ ಕತ್ತರಿಸಿ ಮರಳು ಕಾಗದದಿಂದ ಉಜ್ಜಿ. ಕೆಳತುದಿಯಿಂದ ಅಳೆದು ಟೇಪು ಸುತ್ತಿದರೆ ಅದೇ ತಡೆ. ಪ್ರತಿ ಕಡ್ಡಿಯೂ ಮುಚ್ಚಳದ ಕೆಳಗೆ 15 ಮಿ.ಮೀ.ನಷ್ಟೇ ಇಳಿಯುತ್ತದೆ. 3 ಮಿ.ಮೀ. ಕಡ್ಡಿಗೆ 6 ಮಿ.ಮೀ. ತೂತು ಇಟ್ಟದ್ದರಿಂದ ಸುತ್ತಲೂ ಒಂದೂವರೆ ಮಿ.ಮೀ. ಸಡಿಲ ಸಿಗುತ್ತದೆ. ಕೈಕೆಲಸದಲ್ಲಿ ಆಗುವ ಚಿಕ್ಕಪುಟ್ಟ ಓರೆಕೋರೆ ಅದರಲ್ಲಿ ಮುಚ್ಚಿಹೋಗುತ್ತದೆ.

ಬಳಸುವುದು ಹೀಗೆ. ಮಗು ತನ್ನ ಊಹೆಯ ಪ್ರಕಾರ ಮೂರು ಕಡ್ಡಿಯನ್ನು ಮೊದಲು ಮುಚ್ಚಳಕ್ಕೆ ಚುಚ್ಚುತ್ತದೆ. ನರಿ, ಬುಟ್ಟಿ, ಅಟ್ಟ. ಆಮೇಲೆ ಮುಚ್ಚಳವನ್ನು ಪೆಟ್ಟಿಗೆಯ ಮೇಲೆ ಇಡುತ್ತದೆ. ಮೂರೂ ಸರಿಯಿದ್ದರೆ ಟಪ್ ಎಂದು ಕೂರುತ್ತದೆ. ಒಂದು ತಪ್ಪಿದ್ದರೂ ಕಡ್ಡಿ ಪಟ್ಟಿಗೆ ಬಡಿದು ಮುಚ್ಚಳ ಸೆಂಟಿಮೀಟರಿಗೂ ಜಾಸ್ತಿ ಎದ್ದೇ ನಿಲ್ಲುತ್ತದೆ. ತಪ್ಪಾದವರು ಒಂದು ಸರದಿ ಬಿಡಬೇಕು, ಅಷ್ಟೇ. ಆಟದಲ್ಲಿ ಉಳಿಯುತ್ತಾರೆ.

ಒಂದೇ ಕಡ್ಡಿ ತಪ್ಪಿದ್ದಾಗ ಮುಚ್ಚಳ ಆ ಸಾಲಿನ ಕಡೆ ಸ್ವಲ್ಪ ಎದ್ದು ಓರೆಯಾಗುತ್ತದೆ. ಪಕ್ಕದ ಮನೆ ಹುಡುಗಿ ಇದನ್ನು ಪತ್ತೆ ಮಾಡಿ ಯಾರಿಗೂ ಹೇಳದೆ ಗೆಲ್ಲುತ್ತಾ ಬಂದಳು. ಸರಿಪಡಿಸಬಹುದಿತ್ತು. ಮುಚ್ಚಳದ ಅಂಚಿಗೆ ಎತ್ತರದ ಗೋಡೆ ಕೊಟ್ಟರೆ ಅದು ನೆಟ್ಟಗೇ ಇಳಿಯುತ್ತದೆ. ನಾನು ಕೊಡಲಿಲ್ಲ. ಉಪಕರಣ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿ ಅದರಿಂದ ಸುಳಿವು ತೆಗೆದವಳಿಗೆ ಬಹುಮಾನ ಬೇಡವೇ?

ಪಟ್ಟಿ ಒಳಗೆ ಕೂರಿಸಲು ಆಡದ ಒಬ್ಬರು ಬೇಕು, ಇದೊಂದೇ ತೊಡಕು. ಅವರು ಮೂರು ಕಾರ್ಡು ಆರಿಸಿ ಬದಿಗಿಟ್ಟು, ಅದೇ ಹೆಸರಿನ ಪಟ್ಟಿ ಹಾಕಿ, ಹೊದಿಕೆ ಮುಚ್ಚಿ ಎದ್ದು ಹೋಗಬಹುದು. ಮಕ್ಕಳೇ ಸರದಿಯ ಮೇಲೆ ಈ ಕೆಲಸ ಮಾಡಿದರೆ ಇನ್ನೂ ಚೆನ್ನ. ಉತ್ತರ ಗೊತ್ತಿದ್ದೂ ಮುಖದಲ್ಲಿ ತೋರಿಸದೆ ಕೂರುವುದು ಸಣ್ಣ ಸಾಧನೆಯಲ್ಲ.

ಟಿಪ್ಪಣಿ ಹಾಳೆ

ಇಡೀ ಆಟದ ಜೀವ ಇದೇ. ಅಡ್ಡ ಸಾಲು ಹದಿನೈದು, ಕಾರ್ಡಿಗೊಂದು. ಉದ್ದ ಸಾಲು ಆಟಗಾರರಿಗೆ ಒಂದೊಂದು, ಕೊನೆಗೆ ಪೆಟ್ಟಿಗೆಗೆ ಒಂದು. ಮನೆಗಳು ದೊಡ್ಡದಾಗಿರಲಿ, ಕನಿಷ್ಠ ಒಂದು ಸೆಂಟಿಮೀಟರ್. ಮಕ್ಕಳ ಅಕ್ಷರಕ್ಕೆ ಅಷ್ಟು ಬೇಕು. ಮುಂದೆ ಮಡಚಿದ ರಟ್ಟಿನ ಮರೆ.

ಅಂಗಡಿಯ ಆಟಗಳಲ್ಲಿ ಬರುವ ಹಾಳೆಯಲ್ಲಿ ಎಷ್ಟೋ ಸಲ ಬರೇ ಹೆಸರಿನ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಒಂದು ಚೌಕ. ಮಗು ನೋಡಿದ ಕಾರ್ಡಿಗೆ ಗೆರೆ ಹೊಡೆಯುತ್ತದೆ. ಅಲ್ಲಿಗೆ ಮುಗಿಯಿತು. ಆ ಹಾಳೆ ಕೇಳುವ ಪ್ರಶ್ನೆ ಒಂದೇ: ಏನನ್ನು ನೋಡಿದೆ? ಉದ್ದ ಸಾಲು ಸೇರಿಸಿದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: ಯಾರ ಹತ್ತಿರ ಏನು ಇಲ್ಲ? ಮಗು ತನಗೆ ಗೊತ್ತಿರುವುದರ ಜೊತೆಗೆ ಬೇರೆಯವರಿಗೆ ಏನು ಗೊತ್ತಿರಬಹುದು ಎಂಬುದನ್ನೂ ತಲೆಯಲ್ಲಿ ಹಿಡಿಯಬೇಕಾಗುತ್ತದೆ.

ನಿಯಮ ಇದು. ನೀವು ಮೂರು ಹೆಸರು ಹೇಳಿ ಕೇಳುತ್ತೀರಿ. ಎಡಗಡೆಯವರ ಹತ್ತಿರ ಮೂರರಲ್ಲಿ ಯಾವುದಾದರೂ ಇದ್ದರೆ ಒಂದನ್ನು ನಿಮಗೆ ಮಾತ್ರ ತೋರಿಸುತ್ತಾರೆ. ಇಲ್ಲದಿದ್ದರೆ "ಇಲ್ಲ" ಎನ್ನುತ್ತಾರೆ, ಪ್ರಶ್ನೆ ಮುಂದಿನವರಿಗೆ ಹೋಗುತ್ತದೆ.

ಆ "ಇಲ್ಲ" ಬಂದಾಗ ಮಕ್ಕಳು ಪೆನ್ಸಿಲ್ ಎತ್ತುವುದಿಲ್ಲ. ಏನೂ ಸಿಗಲಿಲ್ಲ ಎಂದು ಮುಖ ಸಣ್ಣ ಮಾಡುತ್ತಾರೆ. ಸಿಕ್ಕಿದ್ದು ಮೂರು ತಪ್ಪು ಗುರುತು! ಒಂದು ಕಾರ್ಡು ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ. "ಇಲ್ಲ" ಎಂದರೆ ಮೂರು. ಇದನ್ನು ನಾನು ಬಾಯಲ್ಲಿ ಹೇಳಲಿಲ್ಲ. ಹಾಳೆಯ ಮೇಲಂಚಿನಲ್ಲಿ "ಇಲ್ಲ ಅಂದರೆ ಮೂರು ×" ಎಂದು ಬರೆದೆ. ಅದು ಸಾಕಾಯಿತು.

ಮುಂದಿನ ಮೆಟ್ಟಿಲು ಇನ್ನೂ ರುಚಿ. ಮಗಳು ಕೇಳಿದಳು: "ನರಿ, ಬುಟ್ಟಿ, ಅಟ್ಟ." ನನ್ನ ಅಣ್ಣನ ಮಗ ಅವಳಿಗೆ ಒಂದು ಕಾರ್ಡು ತೋರಿಸಿದ. ಯಾವುದು ಎಂದು ಪಕ್ಕದ ಮನೆ ಹುಡುಗಿಗೆ ಕಾಣಲಿಲ್ಲ. ಆದರೆ ನರಿ ಅವಳ ಕೈಯಲ್ಲೇ ಇತ್ತು. ಎರಡು ಸರದಿ ಹಿಂದೆ ಬುಟ್ಟಿ ಇದ್ದ ಪ್ರಶ್ನೆಗೆ ಅವನು "ಇಲ್ಲ" ಎಂದಿದ್ದ. ಹಾಗಾದರೆ ಅವನು ತೋರಿಸಿದ್ದು ಅಟ್ಟ. ನೋಡದ ಕಾರ್ಡನ್ನು ಅವಳು ಹೆಸರು ಹಿಡಿದು ಬರೆದಳು. ಇದಕ್ಕೆ ಹಾಳೆಯಲ್ಲಿ ಒಂದು ಅನುಕೂಲ ಮಾಡಿಕೊಡಬೇಕು: ಮೂರರಲ್ಲಿ ಯಾವುದೋ ಒಂದು ಇದೆ ಎಂದಷ್ಟೇ ಗೊತ್ತಾದಾಗ ಆ ಮೂರು ಮನೆಗೂ ಒಂದೇ ಚಿಕ್ಕ ಅಂಕಿ ಹಾಕುವುದು. ಮೊದಲ ಸಲಕ್ಕೆ 1, ಮುಂದಿನದಕ್ಕೆ 2. ಮೂರರಲ್ಲಿ ಎರಡು ಮನೆಗೆ × ಬಿದ್ದ ದಿನ ಮೂರನೆಯದು ತಾನಾಗಿ ಹೊರಬೀಳುತ್ತದೆ.

ಬರೆದು ಅಳಿಸುವ ಪ್ಲಾಸ್ಟಿಕ್ ಹಾಳೆ ಮಾಡಬಹುದಿತ್ತು. ಕಾಗದ ಉಳಿಯುತ್ತದೆ, ನಿಜ. ಆದರೂ ನಾನು ಕಾಗದ, ಪೆನ್ಸಿಲ್ಲನ್ನೇ ಇಟ್ಟೆ. ಆಟ ಮುಗಿದ ಮೇಲೆ ಎಲ್ಲರ ಹಾಳೆಯನ್ನೂ ಮಧ್ಯಕ್ಕೆ ತಂದು ನೋಡುವುದು ನಮ್ಮಲ್ಲಿ ರೂಢಿಯಾಗಿದೆ. "ನಿನಗೆ ಇದು ಯಾವಾಗಲೇ ಗೊತ್ತಾಗಬಹುದಿತ್ತು, ನೋಡು" ಎಂದು ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಾರೆ. ನನ್ನ ಅನುಭವದಲ್ಲಿ ಆಟಕ್ಕಿಂತ ಜಾಸ್ತಿ ಕಲಿಕೆ ನಡೆಯುವುದು ಈ ಹೊತ್ತಿನಲ್ಲಿ. ಮತ್ತು ಇದನ್ನು ದೊಡ್ಡವರು ನಡೆಸಲು ಹೋದರೆ ತರಗತಿಯಾಗುತ್ತದೆ, ಮಕ್ಕಳು ಓಡಿಹೋಗುತ್ತಾರೆ. ಸುಮ್ನೆ ಪಕ್ಕದಲ್ಲಿ ಕೂತಿರಬೇಕು.

ಆಡಿಸಿ ನೋಡಿದಾಗ

ಈಗ ನರಿ. ಮೊದಲ ಆಟದಲ್ಲಿ ಎಲ್ಲರೂ ಕೇಳಿದ್ದು ನರಿಯನ್ನೇ. ಕಥೆಗಳಲ್ಲಿ ನರಿ ಮೋಸಗಾರ, ಕಾಗೆ ಕಳ್ಳ, ಅಳಿಲು ಪಾಪದ್ದು. ಅಣ್ಣನ ಮಗನಂತೂ ನರಿಯ ಕಾರ್ಡನ್ನು ಕಣ್ಣಾರೆ ನೋಡುವವರೆಗೂ ಅದನ್ನು ಬಿಡಲಿಲ್ಲ. ಆ ಆಟದಲ್ಲಿ ಕದ್ದದ್ದು ಅಳಿಲು. "ಅಳಿಲು ಹಾಗೆಲ್ಲ ಮಾಡಲ್ಲ" ಎಂದು ಅವನು ಪೆಟ್ಟಿಗೆಯನ್ನೇ ಜಗಳಕ್ಕೆ ಎಳೆದ. ಕಾರ್ಡುಗಳನ್ನು ಕಲೆಸಿ ತೆಗೆದದ್ದು, ಕಳ್ಳನಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂಬುದು ಕೆಲವು ಆಟಗಳಾದ ಮೇಲೆ ತಾನಾಗಿಯೇ ಇಳಿಯಿತು.

ನಮಗೆ ಅನ್ನಿಸಿದ್ದನ್ನೇ ಹೌದೆನಿಸುವ ಪ್ರಶ್ನೆ ಕೇಳುವ ಚಟ ದೊಡ್ಡವರಿಗೂ ಇದೆ. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಇದರ ಮೇಲೆ ಒಂದು ಹೆಸರಾಂತ ಪ್ರಯೋಗ ಪ್ರಕಟಿಸಿದರು. 2, 4, 6 ಎಂಬ ಮೂರು ಸಂಖ್ಯೆ ಒಂದು ನಿಯಮದಂತೆ ಇವೆ, ನೀವೇ ಬೇರೆ ಮೂರು ಸಂಖ್ಯೆ ಹೇಳಿ ಆ ನಿಯಮ ಕಂಡುಹಿಡಿಯಿರಿ ಎಂದರು. ಜನ 8, 10, 12 ಎನ್ನುತ್ತಾರೆ, 20, 22, 24 ಎನ್ನುತ್ತಾರೆ. ಹೌದು, ಹೌದು ಎಂಬ ಉತ್ತರ ಬರುತ್ತದೆ. ಎರಡೆರಡು ಹೆಚ್ಚುವ ಸಂಖ್ಯೆ ಎಂದು ತೀರ್ಮಾನಿಸಿಬಿಡುತ್ತಾರೆ. ನಿಜವಾದ ನಿಯಮ ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ ಎಂದಷ್ಟೇ. 1, 2, 9 ಎಂದು ಕೇಳಿ ತಮ್ಮ ಊಹೆಯನ್ನೇ ಕೆಡವಲು ನೋಡಿದವರಿಗೆ ಅದು ಸಿಗುತ್ತದೆ. ಪತ್ತೇದಾರಿ ಆಟದಲ್ಲಿ ಊಹೆಯನ್ನು ಕೆಡವದೆ ಗೆಲ್ಲಲು ದಾರಿಯೇ ಇಲ್ಲ. ನರಿಯನ್ನು ಬಿಟ್ಟುಕೊಡಲೇಬೇಕು.

ವಯಸ್ಸಿನ ವ್ಯತ್ಯಾಸವೂ ಕಣ್ಣಿಗೆ ಬಿತ್ತು. ಪ್ರಶ್ನೆ ಕೇಳಿ ಊಹಿಸುವ ಆಟದ ಮೇಲೆ ಮೋಶರ್ ಮತ್ತು ಹಾರ್ನ್ಸ್‌ಬಿ ಎಂಬ ಸಂಶೋಧಕರು 1966ರಲ್ಲಿ ಬರೆದದ್ದು ಈಗಲೂ ಮಾತಿಗೆ ಬರುತ್ತದೆ. ಆರು ವರ್ಷದ ಮಕ್ಕಳು ಹೆಚ್ಚಾಗಿ "ಇದಾ? ಅದಾ?" ಎಂದು ಒಂದೊಂದನ್ನೇ ಊಹಿಸುತ್ತಾರೆ. ಹನ್ನೊಂದರ ಹೊತ್ತಿಗೆ "ಅದು ಪ್ರಾಣಿಯಾ?" ಎಂಬಂತೆ ಒಂದೇ ಏಟಿಗೆ ಗುಂಪನ್ನೇ ತಳ್ಳಿಹಾಕುವ ಪ್ರಶ್ನೆಗೆ ಬರುತ್ತಾರೆ. ಆರೇಳು ವರ್ಷದವರು ಬಂದಾಗ ನಾನು ವಸ್ತುಗಳನ್ನು ತೆಗೆದುಬಿಡುತ್ತೇನೆ. ಬರೇ ಪ್ರಾಣಿ, ಜಾಗ. 30 ಸಾಧ್ಯತೆ. ಹಾಳೆಯೂ ಒಂದೇ, ಎಲ್ಲರೂ ಸೇರಿ ತುಂಬುವುದು. ಯಾರೂ ಸೋಲುವುದಿಲ್ಲ, ಅಳುವುದೂ ಇಲ್ಲ.

ಹನ್ನೊಂದರ ಮಗಳಿಂದ ನಾನೇ ಒಂದು ತಂತ್ರ ಕಲಿತೆ. ಅವಳ ಕೈಯಲ್ಲಿ ಬುಟ್ಟಿ, ಅಟ್ಟ ಎರಡೂ ಇದ್ದವು. ಅಟ್ಟಕ್ಕೆ ಹೋಗಿ ನಿಂತು "ಕೋತಿ, ಬುಟ್ಟಿ, ಅಟ್ಟ" ಎಂದು ಕೇಳಿದಳು. ಎಲ್ಲರೂ "ಇಲ್ಲ" ಎಂದರು. ಉಳಿದ ಎರಡು ತನ್ನ ಹತ್ತಿರವೇ ಇರುವಾಗ ಯಾರ ಬಳಿಯೂ ಇಲ್ಲದ್ದು ಕೋತಿ, ಅಂದರೆ ಅದು ಪೆಟ್ಟಿಗೆಯೊಳಗಿದೆ. ಎರಡನ್ನು ಕಟ್ಟಿಹಾಕಿ ಒಂದನ್ನೇ ಬದಲಿಸಿ ನೋಡುವುದು! ಗಿಡಕ್ಕೆ ನೀರು ಕಡಿಮೆಯಾಯಿತಾ, ಬಿಸಿಲು ಕಡಿಮೆಯಾಯಿತಾ ಎಂದು ತಿಳಿಯಲು ಒಂದೇ ಮಣ್ಣು, ಒಂದೇ ನೀರು ಇಟ್ಟು ಬಿಸಿಲನ್ನು ಮಾತ್ರ ಬದಲಿಸಿ ನೋಡಬೇಕು ಎಂದು ವಿಜ್ಞಾನದ ಪಾಠದಲ್ಲಿ ಹೇಳಿಕೊಡುತ್ತಾರಲ್ಲ, ಅದೇ. ಮುಂದಿನ ಆಟದಿಂದ ಉಳಿದವರೂ ಇದನ್ನು ಮಾಡತೊಡಗಿದರು. ಎಲ್ಲರೂ "ಇಲ್ಲ" ಎಂದರೆ ಮೂರೂ ಪೆಟ್ಟಿಗೆಯಲ್ಲಿವೆ ಎಂದು ನಂಬಿ ಅಣ್ಣನ ಮಗ ಕಡ್ಡಿ ಚುಚ್ಚಿದ, ಮುಚ್ಚಳ ಕೂರಲಿಲ್ಲ. ಆಮೇಲೆ ಅವನು ಬೇರೆಯವರ ಪ್ರಶ್ನೆಯನ್ನೂ ಅನುಮಾನದಿಂದ ಕೇಳಿಸಿಕೊಳ್ಳುತ್ತಾನೆ. ಕೇಳುವವರ ಉದ್ದೇಶ ಏನು ಎಂದು ಯೋಚಿಸುವುದೂ ಒಂದು ಓದು ತಾನೇ.

ಇದರಿಂದ ಗಣಿತದಲ್ಲಿ ಅಂಕ ಜಾಸ್ತಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆಟದಲ್ಲಿ ಕಲಿತದ್ದು ತಾನಾಗಿಯೇ ಪರೀಕ್ಷೆಗೆ ದಾಟುವುದಿಲ್ಲ. ಗಿಡದ ಉದಾಹರಣೆಯ ಹಾಗೆ ಯಾರಾದರೂ ಪಕ್ಕದಲ್ಲಿ ಕೂತು ಎರಡನ್ನೂ ಜೋಡಿಸಿ ಕೊಡಬೇಕು. ಆಟ ಕೊಡುವುದು ಅಭ್ಯಾಸ: ಬರೆದಿಡುವುದು, ಕಾಯುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಗುರುತಿಸುವುದು.

ರಿಪೇರಿ

ಮೊದಲು ಸೋತದ್ದು ಮುಚ್ಚಳದ ತೂತುಗಳು. ಕಡ್ಡಿ ಚುಚ್ಚಿ ತೆಗೆದು ರಟ್ಟು ಸಡಿಲವಾಯಿತು, ಕಡ್ಡಿ ಜಾರಿ ಬೀಳತೊಡಗಿತು. ತೂತಿನ ಒಳಗೋಡೆಗೆ ನೀರು ಬೆರೆಸಿದ ಬಿಳಿ ಅಂಟನ್ನು ಕಡ್ಡಿಯಿಂದಲೇ ಸವರಿ ಒಣಗಲು ಬಿಟ್ಟರೆ ನಾರು ಗಟ್ಟಿಯಾಗುತ್ತದೆ, ತೂತೂ ತುಸು ಕಿರಿದಾಗುತ್ತದೆ. ಒಣಗುವಾಗ ಕಡ್ಡಿಯನ್ನು ಒಳಗೆ ಬಿಡಬೇಡಿ, ಅಂಟಿಕೊಂಡುಬಿಡುತ್ತದೆ.

ಪಟ್ಟಿಗಳು ಬಡಿತಕ್ಕೆ ಬಾಗತೊಡಗಿದರೆ ಅಡಿಗೆ ಇನ್ನೊಂದು ಪದರ ಅಂಟಿಸಿ. ಒಂದೆರಡು ಪಟ್ಟಿಗೆ ಮಾತ್ರ ಅಂಟಿಸಿ ಬಿಡಬಾರದು. ದಪ್ಪ ಬೇರೆಯಾದರೆ ಮುಚ್ಚಳ ನಿಲ್ಲುವ ಎತ್ತರವೂ ಬೇರೆಯಾಗುತ್ತದೆ, ಅದನ್ನೂ ಯಾರಾದರೂ ಗಮನಿಸುತ್ತಾರೆ.

ಕಾರ್ಡಿನದ್ದೂ ಇದೇ ಕಥೆ. ಒಂದು ಕಾರ್ಡಿನ ಮೇಲೆ ನೀರು ಬಿದ್ದು ಉಬ್ಬಿತು. ಅದೊಂದನ್ನೇ ಹೊಸದು ಮಾಡಿದರೆ ಹಳೆಯ ಹದಿನಾಲ್ಕರ ನಡುವೆ ಅದು ಎದ್ದು ಕಾಣುತ್ತದೆ. ಹದಿನೈದೂ ಹೊಸದು ಮಾಡಬೇಕು, ಇಲ್ಲವೇ ಎಲ್ಲಕ್ಕೂ ಹಿಂಬದಿ ಕಾಣದ ಪ್ಲಾಸ್ಟಿಕ್ ಕವರು ಹಾಕಬೇಕು. ನಾನು ಕವರು ಹಾಕಿದೆ. ಈಗ ಒಳಗಿನ ಕಾರ್ಡು ಹೇಗಿದ್ದರೂ ಹೊರಗಿಂದ ಎಲ್ಲ ಒಂದೇ.

ಇತ್ತೀಚೆಗೆ ಮಕ್ಕಳು ಆರನೇ ಪ್ರಾಣಿ ಬೇಕು ಎನ್ನುತ್ತಿದ್ದಾರೆ. ಆಮೆ ಅಂತೆ. ಪೆಟ್ಟಿಗೆಯಲ್ಲಿ ತೊಂದರೆಯಿಲ್ಲ, ಕಾಗದ ಅಂಟಿಸಿ ಮುಚ್ಚಿದ್ದ ಆರನೇ ತೂತು ಬಿಡಿಸಿದರಾಯಿತು. ಸಾಧ್ಯತೆ 144 ಆಗುತ್ತದೆ. ಆದರೆ ಹಂಚಲು 13 ಕಾರ್ಡು ಉಳಿಯುತ್ತದೆ, ಯಾರಿಗೂ ಸಮ ಬರುವುದಿಲ್ಲ. ಇದಕ್ಕೆ ಪರಿಹಾರ ಕೊಟ್ಟದ್ದು ಅಣ್ಣನ ಮಗ: ಒಂದು ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ತೆರೆದಿಟ್ಟು, ಉಳಿದ 12ನ್ನು ಹಂಚುವುದು. ಆಮೆಯ ಪಟ್ಟಿ ಕತ್ತರಿಸಿಟ್ಟಿದ್ದೇನೆ, ಕಪ್ಪು ಬಣ್ಣ ಬಳಿಯುವುದು ಬಾಕಿ.